ಅಮ್ಮನೂ ನೀರುಕೋಳಿಯೂ ಒಂದೇ ಪರದೆ ಮೇಲೆ

ನನ್ನ ನೀರುಕೋಳಿ ಗುಲಾಬಿ ಬಣ್ಣಕ್ಕೆ ತಿರುಗಿದ ಬೆಳಿಗ್ಗೆ ನಾನು ಕಿರುಚಿಕೊಂಡಿದ್ದು ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಹೇಗೆ ಕೇಳಿಸಬೇಕು ಹೇಳಿ! ಯಲಹಂಕದ ಹಳೇ ಊರಲ್ಲಿ ನಮ್ಮದು ನೇಯುವವರ ಮನೆ. ಹಜಾರ ದಾಟಿದರೆ ಹಿಂದೆ ಷೀಟು ಹೊದಿಸಿದ ಉದ್ದನೆ ಕೊಠಡಿ, ಅದರಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ. ನಾಲ್ಕೂ ಒಟ್ಟಿಗೆ ಖಟಖಟ ಅಂತ ಶುರುವಾದರೆ ಗೋಡೆ ಮೇಲಿನ ಕ್ಯಾಲೆಂಡರ್ ಕುಣಿಯುತ್ತೆ, ಅಡುಗೆಮನೆಯ ತಟ್ಟೆ ಲೋಟ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತೆ, ನನ್ನ ಕಂಪ್ಯೂಟರಿನ ಪರದೆ ಚಳಿ ಹಿಡಿದವರ ಹಾಗೆ ನಡುಗುತ್ತೆ. ಅಂಥದ್ದರಲ್ಲಿ ಸೊಸೆ ಕಿರುಚಿದರೆ ಯಾರು ಬರ್ತಾರೆ? ನಾನೇ ಎದ್ದು ಹೋಗಿ ಒಂದು ಲೋಟ ನೀರು ಕುಡಿದು, ಕಣ್ಣು ಉಜ್ಜಿಕೊಂಡು ಬಂದು ಮತ್ತೆ ನೋಡಿದೆ. ಕೋಳಿ ಗುಲಾಬಿಯಾಗಿಯೇ ಇತ್ತು.

ಕೋಳಿ ಅಂದರೆ ಸಾರಿನ ಕೋಳಿ ಅಲ್ಲ. ಪುಟ್ಟೇನಹಳ್ಳಿ ಕೆರೆಯ ಜೊಂಡಿನ ನಡುವೆ ಓಡಾಡುತ್ತಲ್ಲ, ನೀಲಿ ಮೈ, ಕೆಂಪು ಕೊಕ್ಕು, ಉದ್ದುದ್ದ ಕಾಲು, ಹೆಜ್ಜೆ ಇಟ್ಟಾಗೆಲ್ಲ ಬಾಲ ಎತ್ತಿ ಬಿಳಿ ತೋರಿಸುವ ನೀರುಕೋಳಿ, ಅದು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಸಂಜೆ ಆ ಕಡೆ ನಡೆದು ಹೋಗುತ್ತಿದ್ದೆ. ಬಿಸಿಲು ಓರೆಯಾಗಿ ಬಿದ್ದಾಗ ಆ ಹಕ್ಕಿಯ ಮೈ ಒಂದು ಕಡೆಯಿಂದ ನೀಲಿ, ಇನ್ನೊಂದು ಕಡೆಯಿಂದ ನೇರಳೆ. "ರೀ, ಇದು ಹಕ್ಕಿ ಅಲ್ಲ ಕಣ್ರೀ, ರೇಷ್ಮೆ!" ಅಂತ ಕೂಗಿದ್ದೆ. ಅವರು ಸುತ್ತಮುತ್ತ ನೋಡಿ, "ಮೆತ್ತಗೆ ಹೇಳೇ ಮಾರಾಯ್ತಿ" ಅಂದಿದ್ದರು. ಅವತ್ತೇ ತೀರ್ಮಾನ ಮಾಡಿಬಿಟ್ಟೆ, ಈ ಕೋಳಿಯನ್ನ ಸೀರೆ ಅಂಚಿಗೆ ತರಲೇಬೇಕು ಅಂತ.

ನಮ್ಮಪ್ಪನ ಮನೆ ಅಬ್ಬಿಗೆರೆ. ಅಲ್ಲಿ ಮಗ್ಗದ ಸದ್ದು ಕೇಳಿದವಳಲ್ಲ ನಾನು. ಡಿಗ್ರಿ ಮುಗಿಸಿ, ಸುಮ್ಮನೆ ಕೂರೋಕಾಗದೆ ಯಶವಂತಪುರದ ಒಂದು ಟ್ರೈನಿಂಗ್ ಸೆಂಟರಿಗೆ ಸೇರಿ, ಸೀರೆ ಡಿಸೈನ್ ಮಾಡುವ ಕಂಪ್ಯೂಟರ್ ಪ್ರೋಗ್ರಾಂ ಕಲಿತಿದ್ದೆ. ಪರದೆ ತುಂಬ ಚೌಕುಳಿ, ಒಂದೊಂದು ಚೌಕ ಒಂದೊಂದು ಎಳೆ. ಬಣ್ಣ ತುಂಬುತ್ತಾ ಹೋದರೆ ಅಂಚು, ಸೆರಗು, ಬುಟ್ಟಾ ಎಲ್ಲ ಮೂಡುತ್ತೆ. ಅದನ್ನೇ ಆಮೇಲೆ ರಟ್ಟಿನ ಮೇಲೆ ತೂತುಗಳಾಗಿ ಹೊಡೆಸಿ ಮಗ್ಗದ ತಲೆ ಮೇಲೆ ಏರಿಸುತ್ತಾರೆ, ಆ ತೂತು ನೋಡಿಕೊಂಡೇ ಮಗ್ಗ ಯಾವ ಎಳೆ ಎತ್ತಬೇಕು ಅಂತ ತಿಳಿದುಕೊಳ್ಳುತ್ತೆ. ಆ ಸೆಂಟರಿನವರು ಕೊಟ್ಟ ಸಿ.ಡಿ.ಯನ್ನ ನಾನು ಮದುವೆ ಸೀರೆಯ ಜೊತೆಯಲ್ಲೇ ಮಡಿಸಿಟ್ಟುಕೊಂಡು ಗಂಡನ ಮನೆಗೆ ಬಂದವಳು.

ಮಾವನಿಗೆ ಅದ್ಯಾವುದೂ ರುಚಿಸಿರಲಿಲ್ಲ. ಮಾವ ಅಂದರೆ ನಮ್ಮ ಮನೆಯ ಯಜಮಾನರು, ಹುಟ್ಟಿದಾಗಿನಿಂದ ಮಗ್ಗದ ಪಕ್ಕ ಬೆಳೆದವರು. ಅವರಿಗೆ ಡಿಸೈನ್ ಅಂದರೆ ಪೇಟೆಯ ಹಳೇ ಡಿಸೈನರ್ ಒಬ್ಬರು ಗ್ರಾಫ್ ಹಾಳೆ ಮೇಲೆ ಬರೆದು ಕೊಡುವ ನವಿಲು, ಹಂಸ, ಮಾವಿನಕಾಯಿ. ನನ್ನ ಕಂಪ್ಯೂಟರಿಗೆ ಅವರು ಇಟ್ಟ ಹೆಸರು 'ಟೀವಿ'. "ಆ ಟೀವಿ ಆರ್ಸಿ ಬಾರಮ್ಮ, ಊಟಕ್ಕಾಯ್ತು" ಅನ್ನೋರು. ನನಗೆ ಮೈಯೆಲ್ಲ ಉರಿಯೋದು. ಅಷ್ಟೇ ಅಲ್ಲ, ಕಂಪ್ಯೂಟರಿನ ಮೇಜು ಅಂದರೆ ಮನೆಯವರಿಗೆಲ್ಲ ಒಂದು ಹೆಚ್ಚಿನ ಜಾಗ ಸಿಕ್ಕಿದ ಹಾಗೆ. ಅತ್ತೆ ಸೊಪ್ಪು ಬಿಡಿಸಿ ಅಲ್ಲಿಡೋರು, ಪೇಪರು ಅಲ್ಲಿ, ಕನ್ನಡಕ ಅಲ್ಲಿ, ಮಾವನ ಕಾಫಿ ಲೋಟ ಕೀಬೋರ್ಡಿನ ಮಗ್ಗುಲಲ್ಲೇ. ಅದೇ ಮಗ್ಗದ ಮರದ ಮೇಲೆ ಯಾರಾದರೂ ಲೋಟ ಇಟ್ಟು ನೋಡಿ! "ಮಗ್ಗದ ಮ್ಯಾಲೆ ಎಂಜಲು ಲೋಟ ಇಕ್ತಾರಾ?" ಅಂತ ಮನೆ ಹಾರಿಹೋಗುವ ಹಾಗೆ ಕೂಗೋರು. ಬಂದ ನೆಂಟರಾದರೂ ಅಷ್ಟೇ, ಬೈಗುಳ ತಪ್ಪುತ್ತಿರಲಿಲ್ಲ.

ಇದೆಲ್ಲ ಎರಡು ಸಾವಿರದ ಹನ್ನೊಂದೋ ಹನ್ನೆರಡೋ ಇರಬೇಕು. ನನ್ನ ಹಳೇ ಕಂಪ್ಯೂಟರ್ ಕರೆಂಟು ಹೋಗಿ ಬಂದು, ಹೋಗಿ ಬಂದು ಒಂದು ದಿನ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿತು. ಗಂಡ ಅಪ್ಪನ ಮುಖ ನೋಡದೆ ಹೋಗಿ ಹೊಸದೊಂದು ತಂದರು. ಮಾವ ಸಂಜೆ ಕರೆದು ಕೂರಿಸಿಕೊಂಡು ನೇರವಾಗಿ ಹೇಳಿಬಿಟ್ಟರು. ಆರ್.ಟಿ. ನಗರದಲ್ಲಿ ಸೀರೆ ಅಂಗಡಿ ಇಟ್ಟಿರುವ ಒಬ್ಬ ಅಮ್ಮ ಮಾರನೇ ದಿನ ಮಧ್ಯಾಹ್ನ ಹೊಸ ಅಂಚು ನೋಡೋಕೆ ಬರುತ್ತಾರೆ. "ನಿನ್ ಕೋಳೀನೇ ತೋರ್ಸು, ಬ್ಯಾಡ ಅನ್ನಲ್ಲ. ಆ ಯಮ್ಮ ಒಪ್ಕಂಡ್ರೆ ನಮ್ಮನೆ ಡಿಸೈನೆಲ್ಲ ನೀನೇ ಮಾಡು. ಒಪ್ಪಲಿಲ್ಲ ಅಂದ್ರೆ ಈ ಟೀವಿ ವಾಪಸ್ ಕೊಟ್ಬುಟ್ಟು, ನಮ್ಮ ಹಳೇ ಡಿಸೈನರ್ ತಾವೇ ಓಗಾನ. ನೀನು ನಿಮ್ಮತ್ತೆ ಜೊತೆ ಕಂಡಿಕೆ ಸುತ್ತು." ಕಂಡಿಕೆ ಅಂದರೆ ಎಳೆಗಳ ನಡುವೆ ಅತ್ತಿತ್ತ ಓಡುವ ಲಾಳಿಯೊಳಗೆ ಕೂರುವ ದಾರದ ಸಣ್ಣ ಉರುಳೆ. ಅದನ್ನು ಸುತ್ತೋದು ಕೀಳು ಕೆಲಸ ಅಂತಲ್ಲ. ಆದರೆ ನನ್ನ ತಲೆಯೊಳಗೆ ಕೋಳಿಗಳು ಓಡಾಡುತ್ತಿರುವಾಗ ನಾನು ಕೂತು ಬೇರೆಯವರ ನವಿಲಿಗೆ ದಾರ ಸುತ್ತಬೇಕಾ?

ಮಾವ ಇನ್ನೊಂದು ಷರತ್ತೂ ಹಾಕಿದ್ದರು. ನಮ್ಮ ಮನೆದೇವರು ಚೌಡೇಶ್ವರಿ ಅಮ್ಮ. ಮೊದಲನೇ ಮಗ್ಗದ ಮೇಲೆ ಅಮ್ಮನ ಫೋಟೋ ಇದೆ, ಮಾವನ ಅಪ್ಪನ ಕಾಲದ್ದು. ಬೆಳಿಗ್ಗೆ ಅಮ್ಮನ ಮುಖ ನೋಡಿ, ಮಗ್ಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಸ್ವಿಚ್ ಹಾಕೋದು. ಟೀವಿ ಆದರೇನಂತೆ, ಕೆಲಸ ಮಾಡೋ ಸಾಮಾನು ತಾನೇ? ಅದನ್ನ ಹಾಕಿದ ಕೂಡಲೇ ಮೊದಲು ಅಮ್ಮ ಕಾಣಬೇಕು. ಸರಿ ಅಂತ ಗಂಡ ಅಮ್ಮನ ಫೋಟೋವನ್ನ ಮೊಬೈಲಿನಲ್ಲಿ ಹಿಡಿದು ಪರದೆಯ ಹಿನ್ನೆಲೆಗೆ ಕೂರಿಸಿದ್ದರು. ಕೆಂಪು ಸೀರೆ, ಹಸಿರು ರವಿಕೆ, ಅರಿಶಿನದ ಮುಖ, ಹೂವಿನ ಹಾರ, ಪರದೆ ತುಂಬ ಅಮ್ಮ. ಹೊಸ ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು, ಎಲ್ಲ ಆಯ್ತು.

ಈಗ ಆ ಬೆಳಿಗ್ಗೆಗೆ ಬರ್ತೀನಿ. ಗಂಡ ಸೀರೆ ಗಂಟು ಹೊತ್ತುಕೊಂಡು ಚಿಕ್ಕಪೇಟೆಗೆ ಹೊರಟಾಗಿತ್ತು. ನಾನು ಅಮ್ಮನಿಗೆ ಕೈ ಮುಗಿದು ಸಿ.ಡಿ. ಹಾಕಿದೆ. ಆ ಪ್ರೋಗ್ರಾಂ ಹಳೇ ಕಾಲದ್ದು. ಅದಕ್ಕೆ ಗೊತ್ತಿರೋದು ಇನ್ನೂರ ಐವತ್ತಾರು ಬಣ್ಣ ಮಾತ್ರ. ಹೊಸ ಕಂಪ್ಯೂಟರಿಗೆ 'ಇದು ಶುರುವಾದಾಗ ನೀನೂ ಅಷ್ಟೇ ಬಣ್ಣ ತೋರಿಸಪ್ಪ' ಅಂತ ಒಂದು ಟಿಕ್ ಹಾಕದಿದ್ದರೆ ಏಳೋದೇ ಇಲ್ಲ ಅಂತ ಮುಷ್ಕರ. ಟಿಕ್ ಹಾಕಿದೆ, ಎದ್ದಿತು. ಪೆನ್ ಡ್ರೈವಿನಲ್ಲಿ ಉಳಿಸಿಟ್ಟಿದ್ದ ನನ್ನ ಕೋಳಿ ತೆರೆದೆ. ನೀಲಿ ಮೈ ಇರಬೇಕಾದ ಕಡೆ ಪೆಪ್ಪರ್‌ಮೆಂಟ್ ಗುಲಾಬಿ! ಕೆಂಪು ಕೊಕ್ಕು ಹಸಿರು! ಜರಿ ಅಂಚು ಅಂತ ಹಾಕಿದ್ದ ಹಳದಿ ಬೂದಿ ಬಣ್ಣ! ಕಾಲುಗಳಂತೂ ಕೆಲವು ಕಡೆ ಮಾಯ. ಆಗಲೇ ನಾನು ಕಿರುಚಿದ್ದು.

ನೀರು ಕುಡಿದು ಬಂದ ಮೇಲೆ ನನಗೆ ಹೆದರಿಕೆಗಿಂತ ಹಟ ಬಂತು. ಒಂದು ಸತ್ಯ ಹೇಳ್ತೀನಿ, ಇಂಥ ತೊಂದರೆ ಬಂದರೆ ನನಗೆ ಒಳಗೊಳಗೇ ಒಂಥರಾ ಉತ್ಸಾಹ. ಗಂಟಾಗಿರುವ ದಾರದಲ್ಲಿ ಯಾವ ತುದಿ ಎಳೆದರೆ ಬಿಚ್ಚುತ್ತೆ ಅಂತ ಹುಡುಕಿದ ಹಾಗೆ. ಮೊದಲು ಹಿಂದಿನ ಕೇಬಲ್ ಬಿಚ್ಚಿ ಹಾಕಿದೆ. ಏನೂ ಇಲ್ಲ. ಆರಿಸಿ ಹಾಕಿದೆ. ಏನೂ ಇಲ್ಲ. ಪೂಜೆಯ ಕುಂಕುಮ ಒಳಗೆ ಹೋಗಿದೆಯೇನೋ ಅಂತ ಬಟ್ಟೆ ತಗೊಂಡು ಒರೆಸುತ್ತಿದ್ದೆ, ಅತ್ತೆ ಸೊಪ್ಪಿನ ಮೊರ ಹಿಡಿದುಕೊಂಡು ಬಂದರು.

"ಅಯ್ಯೋ, ಕುಂಕುಮ ಯಾಕೆ ಅಳಿಸ್ತಾ ಇದ್ಯೇ?"

"ಬಣ್ಣ ಎಲ್ಲಾ ಕೆಟ್ಟೋಗಿದೆ ಅತ್ತೆ, ನೋಡಿ!"

ಅತ್ತೆ ಬಗ್ಗಿ ನೋಡಿ, "ಚೆನ್ನಾಗೈತಲ್ಲೇ, ಗುಲಾಬಿ" ಅಂದರು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ದೃಷ್ಟಿ ತಾಕೈತೆ ಕಣೇ. ನೆನ್ನೆ ಡಬ್ಬ ಇಳಿಸೋವಾಗ ಎದುರುಮನೆಯೋರು ಎಲ್ಲಾ ನಿಂತ್ಕಂಡ್ ನೋಡ್ತಿದ್ರು." ಒಳಗೆ ಹೋಗಿ ಉಪ್ಪು, ಒಣಮೆಣಸಿನಕಾಯಿ ತಂದು ಕಂಪ್ಯೂಟರಿಗೂ ನನಗೂ ಸೇರಿಸಿ ನೀವಾಳಿಸಿ ಒಲೆಗೆ ಹಾಕಿದರು. ಮನೆಯೆಲ್ಲ ಘಾಟು. ನಾನು ಕೆಮ್ಮುತ್ತಾ ಪರದೆ ನೋಡಿದೆ. ಕೋಳಿ ಗುಲಾಬಿ. ಆದರೆ ಒಂದು ಮಾತು, ಅತ್ತೆ ನೀವಾಳಿಸಿದ ಮೇಲೆ ನನಗೆ ಕೂತು ಯೋಚಿಸೋ ತಾಳ್ಮೆ ಬಂತು.

ತಲೆ ಓಡಿಸೇ, ತಲೆ ಓಡಿಸು ಅಂತ ನನಗೆ ನಾನೇ ಹೇಳಿಕೊಂಡೆ. ಪರದೆ ಕೆಟ್ಟಿದ್ದರೆ ಎಲ್ಲವೂ ಕೆಟ್ಟಿರಬೇಕಲ್ಲವಾ? ಡಿಸೈನ್ ಪ್ರೋಗ್ರಾಂ ಮುಚ್ಚಿ, ಅದೇ ಪೆನ್ ಡ್ರೈವಿನಲ್ಲಿದ್ದ ನಮ್ಮ ಮದುವೆ ಫೋಟೋ ತೆಗೆದೆ. ನನ್ನ ಧಾರೆ ಸೀರೆ ಇದ್ದ ಹಾಗೇ ಇದೆ, ಗಂಡನ ಮುಖದ ಬೆವರೂ ಇದ್ದ ಹಾಗೇ ಇದೆ. ಅಂದರೆ ಪರದೆ ಚೆನ್ನಾಗಿದೆ! ಆ ಫೋಟೋ ತೆರೆದಿಟ್ಟೇ ಪಕ್ಕದಲ್ಲಿ ಡಿಸೈನ್ ಪ್ರೋಗ್ರಾಂ ಶುರು ಮಾಡಿದೆ. ಅಷ್ಟೇ! ಒಂದು ಸಾರಿ ಕಣ್ಣು ಮಿಟುಕಿಸಿದ ಹಾಗಾಯ್ತು, ಗಂಡನ ಮುಖ ನೀಲಿ. ನನ್ನ ಕೆನ್ನೆ ಮೇಲೆ ಹಸಿರು ಕಲೆ. ನನಗೆ ಭಯಂಕರ ಖುಷಿ. ಯಾಕಂದರೆ ಈಗ ಗೊತ್ತಾಯ್ತು, ಒಂದು ಶುರುವಾದರೆ ಇನ್ನೊಂದು ಕೆಡುತ್ತೆ. ಇವೆರಡಕ್ಕೂ ಏನೋ ಜಗಳ ಇದೆ. ಕುರ್ಚಿ ಮೇಲೇ ಕುಣಿದೆ ನಾನು.

ಕುಣೀತಾ ಇದ್ದಾಗಲೇ ಖಟಖಟ ನಿಂತಿತು. ಕರೆಂಟು ಹೋದದ್ದಲ್ಲ, ಯು.ಪಿ.ಎಸ್. ಕೂಗಿರಲಿಲ್ಲ. ಮಾವ ದಾರ ಬದಲಾಯಿಸೋಕೆ ಮಗ್ಗ ನಿಲ್ಲಿಸಿ, ಕಾಫಿ ಲೋಟ ತಗೊಂಡು ಹಜಾರಕ್ಕೆ ಬಂದಿದ್ದರು. ಅಭ್ಯಾಸದಂತೆ ಲೋಟ ನನ್ನ ಮೇಜಿನ ಮೇಲೆ ಇಟ್ಟು, ಪರದೆ ಮೇಲಿನ ಅಮ್ಮನಿಗೆ ಕೈ ಮುಗಿಯೋಕೆ ಹೋದರು. ಅರ್ಧಕ್ಕೇ ನಿಂತರು. ನಾನು ಮದುವೆ ಫೋಟೋ ಆಗಲೇ ಮುಚ್ಚಿದ್ದೆ. ಡಿಸೈನ್ ಕಿಟಕಿಯ ಹಿಂದೆ ಅಮ್ಮ ಕಾಣುತ್ತಿದ್ದರು. ನಾನು ನನ್ನ ಕೋಳಿಯ ಗಲಾಟೆಯಲ್ಲಿ ಅಮ್ಮನ ಕಡೆ ನೋಡಿಯೇ ಇರಲಿಲ್ಲ. ಅರಿಶಿನದ ಮುಖ ಪಾಚಿ ಹಸಿರಾಗಿತ್ತು. ಕಣ್ಣಿನ ಬಿಳಿ ಕೆಂಪಾಗಿತ್ತು.

"ಅಮ್ಮನ ಮುಖ ಯಾಕಮ್ಮ ಇಂಗಾಗೋಗೈತೆ?"

ಮಾವ ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಮೆಲ್ಲಗೆ ಕೇಳಿದರು. "ಅದು ಬಣ್ಣದ ತೊಂದರೆ ಮಾವ, ಈಗ ಸರಿ ಮಾಡ್ತೀನಿ" ಅಂದೆ.

"ಬ್ಯಾಡ. ಆರ್ಸು. ಅಮ್ಮಂಗೇ ಇಷ್ಟ ಇಲ್ಲ. ನವಿಲು ಅಂಸ ಬುಟ್ಟು ನೀರ್ಕೋಳಿ ಉಟ್ಕಂಡು ಯಾರ್ ಮದ್ವೆಗೆ ಓಗ್ತಾರೆ ಅಂತ ನಾನವತ್ತೇ ಅಂದೆ. ಹಳೇ ಡಿಸೈನ್ ಆಳೆ ಬೀರುನಾಗೈತೆ, ಅದ್ನೇ ತೋರ್ಸಾನ."

"ಆ ಯಮ್ಮ ಬರೋವರೆಗೆ ಟೈಮ್ ಕೊಡಿ ಮಾವ. ಬರೋವರೆಗೆ ಅಷ್ಟೇ. ಆಮೇಲೆ ನೀವ್ ಹೇಳಿದ್ ಹಾಗೆ." ಮಾವ ಹಸಿರು ಮುಖವನ್ನ ಇನ್ನೊಂದು ಸಾರಿ ನೋಡಿ, ಕಾಫಿ ಮರೆತು ಒಳಗೆ ಹೋದರು. ಮಗ್ಗ ಮತ್ತೆ ಶುರುವಾಯ್ತು.

ನಮ್ಮ ಮನೆಯಲ್ಲಿ ಇಂಟರ್‌ನೆಟ್ ಅಂದರೆ ಕಿಟಕಿ ಸರಳಿಗೆ ದಾರದಿಂದ ಕಟ್ಟಿದ ಒಂದು ಡಾಂಗಲ್. ಕಿಟಕಿಯಿಂದ ಒಂದು ಗೇಣು ಈಚೆ ತಂದರೂ ಸಿಗ್ನಲ್ ಸತ್ತ ಹಾಗೆ. ಡಿಸೈನ್ ಮುಚ್ಚಿ, ಡಾಂಗಲಿನ ಉದ್ದ ವೈರು ಚುಚ್ಚಿ ಹುಡುಕೋಕೆ ಕೂತೆ. 'ಸೀರೆ ಡಿಸೈನ್ ಬಣ್ಣ ತಪ್ಪು' ಅಂತ ಇಂಗ್ಲಿಷಿನಲ್ಲಿ ಹೊಡೆದರೆ ಸೀರೆ ಮಾರುವವರ ಜಾಹೀರಾತು. 'ಕಂಪ್ಯೂಟರ್ ಬಣ್ಣ ಗುಲಾಬಿ' ಅಂದರೆ ಕೇಬಲ್ ಬಿಚ್ಚಿ ಹಾಕಿ ಅನ್ನುವ ಉಪದೇಶ. ಮಾಡಿಯಾಯ್ತಲ್ಲಪ್ಪಾ! ಕೊನೆಗೆ 'ಇನ್ನೂರ ಐವತ್ತಾರು ಬಣ್ಣ, ಹಳೇ ಪ್ರೋಗ್ರಾಂ' ಅಂತ ಹಾಕಿದೆ. ಪುಟ ಬಿಚ್ಚಿಕೊಳ್ಳೋಕೆ ಎಷ್ಟು ಹೊತ್ತು ಹಿಡೀತು ಅಂದರೆ ಅಷ್ಟರಲ್ಲಿ ಅತ್ತೆ ಸೊಪ್ಪೆಲ್ಲ ಬಿಡಿಸಿ ಮುಗಿಸಿದ್ದರು.

ಬಂದದ್ದು ಯಾವುದೋ ದೇಶದ ಯಾರೋ ಬರೆದ ಗೋಳು. ಚಿಕ್ಕವನಿದ್ದಾಗ ಆಡುತ್ತಿದ್ದ ಒಂದು ಕತ್ತಿವರಸೆಯ ಆಟವನ್ನ ಹೊಸ ಕಂಪ್ಯೂಟರಿಗೆ ಹಾಕಿದನಂತೆ. ಹುಲ್ಲು ನೇರಳೆಯಾಗಿದೆ, ನೀರು ಕೆಂಪಾಗಿದೆ, ಸೈನಿಕರ ಮುಖ ಹಸಿರಾಗಿದೆ, ಯಾರಾದರೂ ಕಾಪಾಡಿ ಅಂತ ಬೇಡಿಕೊಂಡಿದ್ದ. ಅಯ್ಯೋ ನನ್ನಪ್ಪಾ! ನನಗೆ ಅವನು ಅಣ್ಣನೋ ತಮ್ಮನೋ ಅನ್ನಿಸಿಬಿಟ್ಟ. ಹಸಿರು ಮುಖ! ನಮ್ಮ ಅಮ್ಮನ ಮುಖವೂ ಹಸಿರೇ ಕಣಪ್ಪಾ ಅಂತ ಪರದೆಗೇ ಹೇಳಿದೆ. ಕೆಳಗೆ ಇನ್ಯಾರೋ ಪುಣ್ಯಾತ್ಮರು ಉತ್ತರ ಬರೆದಿದ್ದರು. ಐಕಾನು, ಕೆಳಗಿನ ಪಟ್ಟಿ, ಹಿನ್ನೆಲೆಯ ಚಿತ್ರ, ಇದೆಲ್ಲ ತೋರಿಸೋದೂ ಒಂದು ಪ್ರೋಗ್ರಾಮೇ. ಅದು ಯಾವಾಗಲೂ ಹಿಂದೆ ಓಡುತ್ತಲೇ ಇರುತ್ತೆ. ಇರೋದೇ ಇನ್ನೂರ ಐವತ್ತಾರು ಬಣ್ಣ ಅಂದಾಗ ಅದು ತನಗೆ ಬೇಕಾದ ಬಣ್ಣಗಳನ್ನ ಎತ್ತಿಟ್ಟುಕೊಂಡುಬಿಡುತ್ತೆ, ಹಳೇ ಆಟಕ್ಕೆ ಮಿಕ್ಕಿದ್ದೇ ಗತಿ. ಅದನ್ನ ನಿಲ್ಲಿಸಿ, ಆಮೇಲೆ ಆಟ ಶುರು ಮಾಡು.

ಓದಿದ್ದೇ ತಡ, ಯಾವ್ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದೆ. ಅವರು ಹೇಳಿದ ಹೆಸರು ಅಲ್ಲೇ ಕೂತಿತ್ತು, ಕಳ್ಳ! ಅದರ ಮೇಲೆ ಮೌಸ್ ಒತ್ತಿ ನಿಲ್ಲಿಸಿದೆ. ಐಕಾನುಗಳು ಹೋದವು, ಕೆಳಗಿನ ಪಟ್ಟಿ ಹೋಯ್ತು, ಅಮ್ಮ ಹೋದರು. ಬರೀ ಕಪ್ಪು ಪರದೆ, ನಡುವೆ ಟಾಸ್ಕ್ ಮ್ಯಾನೇಜರಿನ ಒಂದು ಪುಟ್ಟ ಡಬ್ಬಿ. ಆ ಡಬ್ಬಿಯೊಳಗಿಂದಲೇ ಡಿಸೈನ್ ಪ್ರೋಗ್ರಾಂ ಶುರು ಮಾಡಿದೆ. ಕೋಳಿ ತೆರೆದೆ.

ನೀಲಿ! ಕೆರೆಯ ನೀಲಿ, ಓರೆ ಬಿಸಿಲಿನ ನೀಲಿ! ಕೊಕ್ಕು ಕುಂಕುಮದ ಕೆಂಪು. ಜರಿ ಅಂಚು ಹಳದಿ. ಎತ್ತಿದ ಬಾಲದ ಕೆಳಗೆ ಬಿಳಿ, ಒಂದು ಚೌಕವೂ ಹೆಚ್ಚುಕಮ್ಮಿ ಇಲ್ಲ. ಸಾಲುಸಾಲಾಗಿ ಕೋಳಿಗಳು ಅಂಚಿನುದ್ದ ಹೆಜ್ಜೆ ಹಾಕಿಕೊಂಡು ಹೊರಟಿವೆ. "ಬಂತು! ಅತ್ತೆ ಬಂತು! ಮಾವ!" ಅಂತ ನಾನು ಎದ್ದು ಹಿಂದಿನ ಕೊಠಡಿಗೆ ಓಡಿದೆ. ಮಗ್ಗದ ಸದ್ದಿನಲ್ಲಿ ಕೇಳಿಸದೆ ಇದ್ದರೂ ನನ್ನ ಬಾಯಿ, ಕೈ, ಕಣ್ಣು ಎಲ್ಲ ಕೂಗುತ್ತಿದ್ದವು ಅಂತ ಕಾಣುತ್ತೆ, ಮಾವ ಸ್ವಿಚ್ ಆರಿಸಿ ಹಿಂದೆಯೇ ಬಂದರು.

ಬಂದು ನಿಂತರು. ನೋಡಿದರು. ಕೋಳಿ ನೋಡಲಿಲ್ಲ. ಅದರ ಹಿಂದಿನ ಕಪ್ಪನ್ನ ನೋಡಿದರು.

"ಅಮ್ಮ ಎಲ್ಲಿ?"

ಖುಷಿಯಲ್ಲಿ ನನ್ನ ಬಾಯಿಗೆ ಏನು ಬಂತೋ ಅದನ್ನೇ ಹೇಳಿದೆ. "ಅಮ್ಮನ್ನ ತೆಗೆದ ಮೇಲೆ ಬಣ್ಣ ಸರಿ ಹೋಯ್ತು ಮಾವ!"

ಹೇಳಿದ ಮೇಲೆ ನನಗೇ ಕೇಳಿಸಿತು. ಅತ್ತೆ "ಶಿವಶಿವಾ" ಅಂತ ಸೆರಗು ಬಾಯಿಗೆ ಇಟ್ಟುಕೊಂಡರು. ಮಾವನ ಮುಖ ಹೇಗಾಯ್ತು ಅಂದರೆ, ನಾನು ದೇವರ ಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ್ದರೂ ಹಾಗಾಗುತ್ತಿರಲಿಲ್ಲ. "ಅಮ್ಮನ್ನ ತೆಗ್ದು ಬಣ್ಣ ತಂದ್ಯಾ?" ಅಂದರು. ಬಾಗಿಲ ಕಡೆ ತಿರುಗಿದರು. ಮುಗೀತು, ಕಂಡಿಕೆ ಸುತ್ತೋದೇ ಇನ್ನು ಅಂದುಕೊಂಡೆ. ಆದರೆ ನನ್ನ ಸ್ವಭಾವ ನೋಡಿ, ಸುಮ್ಮನೆ ಸೋಲೋ ಪೈಕಿ ಅಲ್ಲ. ಹೋಗಿ ಬಾಗಿಲಿಗೇ ಅಡ್ಡ ನಿಂತೆ.

"ಮಾವ, ಒಂದ್ ನಿಮಿಷ ಕೇಳಿ. ನಮ್ ಮಗ್ಗದ ಪಕ್ಕದ ಪೆಟ್ಟಿಗೇಲಿ ಲಾಳಿ ಇಷ್ಟೇ ಅಂತ ಇರಲ್ವಾ? ಅಷ್ಟ್ ಲಾಳಿ, ಅಷ್ಟೇ ಬಣ್ಣ. ಜಾಸ್ತಿ ಬೇಕು ಅಂದ್ರೂ ಹಿಡಿಸಲ್ಲ."

"ಊಂ. ಅದಕ್ಕೇನೀಗ?"

"ಈ ಹಳೇ ಪ್ರೋಗ್ರಾಂ ಶುರುವಾದ್ರೆ ಇದಕ್ಕೂ ಅಷ್ಟೇ. ಲಾಳಿ ಇಷ್ಟೇ ಅಂತ ಕಟ್ಟಾಗುತ್ತೆ. ಆ ಲಾಳಿ ಅಮ್ಮನ ಚಿತ್ರಕ್ಕೂ ಬೇಕು, ನನ್ ಕೋಳಿಗೂ ಬೇಕು. ಅಮ್ಮನ ರವಿಕೆಗೆ ಅಂತ ಹಸಿರು ಹಾಕಿದ್ರೆ ಅದೇ ಲಾಳಿ ಓಡಿ ಕೋಳಿ ಕೊಕ್ಕಿಗೂ ಹಸಿರು ನೇಯುತ್ತೆ. ಎಲ್ಲಾದ್ರೂ ಒಂದ್ ಕಡೆ ದಾರ ಬದಲಾಯ್ಸಿದ್ರೆ ಅದು ಹೋಗಿ ಅಮ್ಮನ ಕೆನ್ನೆಗೆ ಹತ್ಕೊಳ್ಳುತ್ತೆ. ಅಮ್ಮನಿಗೆ ಕೋಪ ಬಂದಿದ್ದಲ್ಲ ಮಾವ. ಲಾಳಿ ಸಾಲಲಿಲ್ಲ, ಅಷ್ಟೇ."

ಮಾವ ಬಾಗಿಲಲ್ಲೇ ನಿಂತರು. ಪರದೆ ಕಡೆ ನೋಡಿದರು, ಹಿಂದಿನ ಕೊಠಡಿ ಕಡೆ ನೋಡಿದರು, ಮತ್ತೆ ಪರದೆ ಕಡೆ. ಹಣೆ ಸುಕ್ಕಾಯ್ತು, ನಿಂತ ಮಗ್ಗದಲ್ಲಿ ಎಳೆ ಎಲ್ಲಿ ಕಡಿದಿದೆ ಅಂತ ಹುಡುಕುವಾಗ ಆಗೋ ಹಾಗೆ. ಆಮೇಲೆ ಅವರ ದನಿ ಪೂರಾ ಬೇರೆಯಾಯ್ತು. ಇಷ್ಟು ದಿನ ಸೊಸೆಗೆ ಹೇಳುತ್ತಿದ್ದ ದನಿ ಅಲ್ಲ, ಮಗನಿಗೆ ಬೈಯುತ್ತಿದ್ದ ದನಿ.

"ಅಲ್ಲಮ್ಮಾ, ಒಂದ್ ಮಗ್ಗದಾಗೆ ಎಲ್ಡ್ ಸೀರೆ ಆಕಿದ್ಯಾ ನೀನು?"

"ಹೂಂ ಮಾವ."

"ತಲೆ ನೆಟ್ಟಗೈತಾ ನಿಂಗೆ? ಒಂದ್ ಮಗ್ಗಕ್ಕೆ ಎಲ್ಡ್ ಸೀರೆ ಯಾರಾದ್ರೂ ಆಕ್ತಾರಾ? ಒಂದ್ನ ಇಳಿಸ್ದೆ ಇನ್ನೊಂದು ಎಂಗ್ ಬಂದಾತು? ಇಷ್ಟ್ ಓದಿದೀಯ, ಇದು ಬೆಳಿಗ್ಗೇನೇ ತಿಳೀಬ್ಯಾಡ್ವಾ?"

ಎಷ್ಟು ಬೈದರೂ ನನಗೆ ಆ ಬೈಗುಳ ತಲೆಗೇ ಹೋಗಲಿಲ್ಲ. ಮಗ್ಗ! ಮಗ್ಗ ಅಂದರು! ಟೀವಿ ಅನ್ನಲಿಲ್ಲ! ಅವರಿಗೆ ಗೊತ್ತಾಗದೆ ಬಾಯಿಂದ ಬಂದಿದೆ, ಎತ್ತಿ ತೋರಿಸಿದರೆ ವಾಪಸ್ ತಗೊಂಡುಬಿಡ್ತಾರೆ ಅಂತ ನಾನು ತುಟಿ ಕಚ್ಚಿಕೊಂಡು ಸುಮ್ಮನೆ ನಿಂತೆ. ಮಾವ ಒಳಗೆ ಹೋದರು. ಮಗ್ಗ ಹಾಕ್ತಾರೆ ಅಂದುಕೊಂಡರೆ ಸದ್ದಿಲ್ಲ. ಸ್ಟೂಲು ಎಳೆದ ಸದ್ದು ಬಂತು. ಆಮೇಲೆ ಪಂಚೆ ತುದಿಯಿಂದ ಗಾಜು ಒರೆಸುತ್ತಾ ಹೊರಗೆ ಬಂದರು. ಕೈಯಲ್ಲಿ ಮೊದಲನೇ ಮಗ್ಗದ ಮೇಲಿನ ಅಮ್ಮನ ಫೋಟೋ, ಅವರಪ್ಪನ ಕಾಲದ್ದು, ನಾನು ಕಂಡ ಹಾಗೆ ಒಂದು ದಿನವೂ ಆ ಮೊಳೆಯಿಂದ ಇಳಿಯದಿದ್ದದ್ದು. ಅದನ್ನ ಪರದೆಯ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದರು. ಓರೆಯಾಗಿತ್ತು, ಸರಿ ಮಾಡಿದರು.

"ಅತ್ಲಾಗೆ ನಾನಿದೀನಿ. ಇತ್ಲಾಗೆ ಅಮ್ಮ ಇರ್ಲಿ" ಅಂದರು.

ನಾನು ಅಮ್ಮನಿಗೆ ಕೈ ಮುಗಿದೆ. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಯ್ತು, ಆರ್.ಟಿ. ನಗರದ ಅಮ್ಮ ಬಂದೇಬಿಟ್ಟರು. ಹೆಬ್ಬಾಳದ ಫ್ಲೈಓವರ್ ಹತ್ತಿರ ಜಾಮಿನಲ್ಲಿ ಸಿಕ್ಕಿಕೊಂಡು ಸಾಕಾಗಿದ್ದರು, ಸಿಡುಕು ಮುಖ. "ಬೇಗ ತೋರ್ಸಿ, ಅಂಗಡಿ ಬಿಟ್ ಬಂದಿದೀನಿ" ಅಂತ ನನ್ನ ಕುರ್ಚಿಯಲ್ಲೇ ಕೂತರು. ಪರದೆಗೆ ಮುಖ ಒಡ್ಡಿ ಅಂಚನ್ನ ಈ ತುದಿಯಿಂದ ಆ ತುದಿಗೆ ನೋಡಿದರು.

"ಇದು ನವಿಲಲ್ವಲ್ಲ?"

ನಾನು ಬಾಯಿ ತೆಗೆಯೋಕೆ ಮೊದಲೇ ಮಾವ ಹೇಳಿದರು. "ನವಿಲು ಎಲ್ಲಾರೂ ಕೊಡ್ತಾರೆ ತಾಯಿ. ಇದು ನಮ್ಮ ಪುಟ್ಟೇನಹಳ್ಳಿ ಕೆರೆ ನೀರ್ಕೋಳಿ. ನಮ್ ಸೊಸೆ ಬರ್ದಿರಾದು."

ಇದೇ ಮನುಷ್ಯ ಬೆಳಿಗ್ಗೆ ಏನು ಹೇಳಿದ್ದರು! ನಾನು ಅತ್ತೆ ಕಡೆ ನೋಡಿದೆ, ಅತ್ತೆ ನಗು ತಡೆಯೋಕೆ ಅಡುಗೆಮನೆಗೆ ಓಡಿದರು. ಅಂಗಡಿಯ ಅಮ್ಮ ಇನ್ನಷ್ಟು ಬಗ್ಗಿದರು. "ಬಣ್ಣ ತುಂಬಾ ಚೆನ್ನಾಗಿದೆ ಕಣಮ್ಮಾ. ಈ ನೀಲಿ ಹೀಗೇ ಬರುತ್ತಾ ಸೀರೇಲಿ? ಕಾಲು ಸ್ವಲ್ಪ ಗಿಡ್ಡ ಮಾಡು. ಸೀರೆ ಒಡಲು ಹಾಲಿನ ಬಿಳಿ ಇರ್ಲಿ, ಕಾಂಟ್ರಾಸ್ಟ್ ಆಗುತ್ತೆ. ಮೊದಲು ಒಂದು ನೇಯಿರಿ, ಹಿಡಿಸಿದ್ರೆ ಎಲ್ಲಾ ಬಣ್ಣದಲ್ಲೂ ಬೇಕು ನಂಗೆ." ನಾನು ಹೂಂ ಹೂಂ ಅಂದೆ, ಎಷ್ಟು ಸಲ ಅಂದೆನೋ. ಕಾಲು ಗಿಡ್ಡ ಮಾಡೋಕೆ ಮನಸ್ಸಿರಲಿಲ್ಲ, ಆ ಕೋಳಿಯ ಚೆಂದವೇ ಆ ಕಾಲು. ಆದರೂ ಆ ಹೊತ್ತಿನಲ್ಲಿ ಅವರು ಬಾಲ ಕತ್ತರಿಸು ಅಂದಿದ್ದರೂ ಹೂಂ ಅನ್ನುತ್ತಿದ್ದೆ.

ಅತ್ತೆ ಎಲ್ಲರಿಗೂ ಕಾಫಿ ತಂದರು. ಆ ಅಮ್ಮನ ಸಿಡುಕೆಲ್ಲ ಇಳಿದು ಮಾತಿಗೆ ಕೂತರು, ಅಂಗಡಿ ವಿಷಯ, ಮಗಳ ವಿಷಯ. ಮಾತಾಡುತ್ತಾ ಒಂದು ಗುಟುಕು ಕುಡಿದು, ಲೋಟವನ್ನ ಕೀಬೋರ್ಡಿನ ಪಕ್ಕ ಇಟ್ಟರು. ಬೆಳಿಗ್ಗೆ ಮಾವ ಮರೆತು ಹೋಗಿದ್ದ ತಣ್ಣಗಾದ ಲೋಟ ಅಲ್ಲೇ ಇತ್ತು, ಅದರ ಮಗ್ಗುಲಿಗೇ.

ಮಾವ ಎದ್ದರು. ಮೊದಲು ತಮ್ಮ ಲೋಟ ತೆಗೆದು ಅತ್ತೆ ಕೈಗೆ ಕೊಟ್ಟರು. ಆಮೇಲೆ ಆ ಅಮ್ಮನ ಲೋಟವನ್ನೂ ಎತ್ತಿ, ಎರಡು ಕೈಯಲ್ಲಿ ಹಿಡಿದು, ಅವರ ಮುಂದೆ ಚಾಚಿದರು.

"ತಪ್ ತಿಳ್ಕಾಬ್ಯಾಡಿ ತಾಯಿ. ಮಗ್ಗದ ಮ್ಯಾಲೆ ನಾವು ಲೋಟ ಇಕ್ಕಲ್ಲ."

ಆ ಅಮ್ಮ ಗಾಬರಿಯಾಗಿ ಲೋಟ ಈಸಿಕೊಂಡು, ಎಲ್ಲಿ ಮಗ್ಗ ಅಂತ ಸುತ್ತ ನೋಡಿದರು. ಅತ್ತೆ ಬಂದು, ಮೇಜಿನ ಮೂಲೆಯಲ್ಲಿದ್ದ ತಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಹೋದರು.